ಯುದ್ಧನೌಕೆಯಲ್ಲಿ ಪೆಟ್ರೋಲ್ ಎಲ್ಲಿಡೋದು?

1942ರ ನವೆಂಬರ್ 14ರ ರಾತ್ರಿ. ಪೆಸಿಫಿಕ್ ಸಾಗರದ ಗ್ವಾಡಲ್‌ಕನಾಲ್ ದ್ವೀಪದ ಬಳಿ ಅಮೆರಿಕದ ಬ್ಯಾಟಲ್‌ಶಿಪ್ ಸೌತ್ ಡಕೋಟಾ ಜಪಾನೀ ಹಡಗುಗಳ ಜೊತೆ ಗುಂಡಿನ ಕಾಳಗಕ್ಕೆ ಇಳಿದಿತ್ತು. ಹಿಂಬದಿಯ 16 ಇಂಚಿನ ತೋಪುಗಳು ಬಾಲದ ಕಡೆ ತಿರುಗಿ ಒಮ್ಮೆ ಗುಡುಗಿದವು. ಅಲ್ಲೇ ನಿಲ್ಲಿಸಿದ್ದ ಹಡಗಿನ ಸ್ವಂತ ವಿಮಾನಗಳಿಗೆ ಬೆಂಕಿ ಹೊತ್ತಿಕೊಂಡಿತು. ತೋಪುಗಳು ಮತ್ತೆ ಗುಡುಗಿದವು. ಆ ಹೊಡೆತದ ಗಾಳಿಗೆ ಉರಿಯುತ್ತಿದ್ದ ಮೂರು ವಿಮಾನಗಳಲ್ಲಿ ಎರಡು ಹಾರಿ ಸಮುದ್ರಕ್ಕೆ ಬಿದ್ದವು, ಬೆಂಕಿಯೂ ಬಹುಪಾಲು ಆರಿಹೋಯಿತು. ಹಚ್ಚಿದ್ದೂ ತಮ್ಮ ತೋಪೇ, ಆರಿಸಿದ್ದೂ ತಮ್ಮ ತೋಪೇ. ಇದರಲ್ಲಿ ಶತ್ರುವಿನ ಪಾತ್ರ ಏನೂ ಇರಲಿಲ್ಲ.

ಕೇಳೋಕೆ ತಮಾಷೆ ಅನ್ನಿಸುತ್ತದೆ. ಆದರೆ ಎರಡನೇ ಮಹಾಯುದ್ಧದ ಕ್ರೂಸರ್, ಬ್ಯಾಟಲ್‌ಶಿಪ್‌ನಂಥ ದೊಡ್ಡ ತೋಪಿನ ಯುದ್ಧನೌಕೆಗಳ ಕ್ಯಾಪ್ಟನ್‌ಗಳಿಗೆ ಇದು ದಿನನಿತ್ಯದ ತಲೆನೋವು. ಅವರ ಹಡಗಿನಲ್ಲಿ ಸಾವಿರಾರು ಟನ್ ಫರ್ನೇಸ್ ಆಯಿಲ್ ಇರುತ್ತಿತ್ತು, ನೂರಾರು ಟನ್ ಮದ್ದುಗುಂಡು ಇರುತ್ತಿತ್ತು. ಅವುಗಳ ಮೇಲೆ ಕೂತೇ ಊಟ ಮಾಡಿ ಮಲಗುತ್ತಿದ್ದರು. ಆದರೆ ನಾಲ್ಕು ಪುಟ್ಟ ವಿಮಾನಗಳಿಗೆ ಬೇಕಾದ ಪೆಟ್ರೋಲ್ ಕಂಡರೆ ಮಾತ್ರ ಭಯ. ಯಾಕೆ?

ವಿಮಾನ ಯಾಕೆ ಬೇಕಿತ್ತು

ಮೊದಲು ಈ ವಿಮಾನಗಳ ಬಗ್ಗೆ ಎರಡು ಮಾತು. ಚಕ್ರದ ಬದಲು ಕೆಳಗೆ ದೋಣಿಯಂಥ ತೇಲುಗಗಳಿರುವ ವಿಮಾನ ಫ್ಲೋಟ್‌ಪ್ಲೇನ್. ಹಡಗಿನ ಮೇಲೆ ಕ್ಯಾಟಪಲ್ಟ್ ಅನ್ನೋ ಉದ್ದನೆಯ ಹಳಿ ಇರುತ್ತದೆ. ಸಿಡಿಮದ್ದು ಅಥವಾ ಒತ್ತಿಟ್ಟ ಗಾಳಿಯ ಬಲದಿಂದ ವಿಮಾನವನ್ನು ಅದರ ಮೇಲಿಂದ ಎಸೆಯುತ್ತಾರೆ. ಕೆಲಸ ಮುಗಿಸಿ ಬಂದ ವಿಮಾನ ಹಡಗಿನ ಪಕ್ಕದಲ್ಲಿ ನೀರಿನ ಮೇಲೆ ಇಳಿಯುತ್ತದೆ. ಕ್ರೇನ್ ಹಾಕಿ ಎತ್ತಿಕೊಳ್ಳುತ್ತಾರೆ.

ಇಷ್ಟೆಲ್ಲ ರಗಳೆ ಯಾಕೆ ಅಂದರೆ, ಭೂಮಿ ಗುಂಡಗಿದೆ. ಸಮುದ್ರ ಮಟ್ಟದಿಂದ 30 ಮೀಟರ್ ಎತ್ತರದ ಪಟಸ್ತಂಭದಲ್ಲಿ ಕೂತವನಿಗೆ ದಿಗಂತ ಕಾಣುವುದು ಸುಮಾರು 20 ಕಿಲೋಮೀಟರ್ ದೂರಕ್ಕೆ. ಅಮೆರಿಕದ ಹೆವಿ ಕ್ರೂಸರಿನ 8 ಇಂಚಿನ ತೋಪು ಹೊಡೆಯಬಲ್ಲದ್ದು ಸುಮಾರು 29 ಕಿಲೋಮೀಟರ್. ಅಂದರೆ ಕಣ್ಣಿಗಿಂತ ತೋಪಿನ ಕೈ ಉದ್ದ. ಅದೇ 1,500 ಮೀಟರ್ ಮೇಲೆ ಹಾರುವ ವಿಮಾನಕ್ಕೆ 130 ಕಿಲೋಮೀಟರಿಗೂ ಆಚೆಯ ದಿಗಂತ ಕಾಣುತ್ತದೆ. ಗುಂಡು ಹಿಂದೆ ಬಿತ್ತೋ ಮುಂದೆ ಬಿತ್ತೋ ಅಂತ ಅಲ್ಲಿಂದ ರೇಡಿಯೊದಲ್ಲಿ ಹೇಳಬಹುದು. ರೇಡಾರ್ ಪೂರ್ತಿ ಕೈಗೆ ಬರುವ ಮೊದಲಿನ ಕಾಲ ಅದು. ವಿಮಾನ ಬೇಡ ಅನ್ನುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಅಮೆರಿಕದ ಕ್ರೂಸರ್‌ಗಳಲ್ಲಿ ಹೆಚ್ಚಾಗಿ ಇದ್ದದ್ದು ಕರ್ಟಿಸ್ ಕಂಪನಿಯ ಸೀಗಲ್. ಎರಡು ಜೊತೆ ರೆಕ್ಕೆ, ಬಟ್ಟೆ ಹೊದಿಸಿದ ಮೈ, ಇಬ್ಬರು ಕೂರುವ ಜಾಗ. ಬ್ರಿಟಿಷರ ಹಡಗುಗಳಲ್ಲಿ ವಾಲ್ರಸ್, ಜರ್ಮನರದ್ದು ಆರಾಡೊ 196. ಇವೆಲ್ಲದರ ಎಂಜಿನ್ ಕುಡಿಯುತ್ತಿದ್ದದ್ದು ಪೆಟ್ರೋಲ್ ಮಾತ್ರ.

ಎಣ್ಣೆಗೂ ಪೆಟ್ರೋಲಿಗೂ ಇರುವ ದೂರ

ಹಡಗಿನ ಬಾಯ್ಲರಿಗೆ ಹಾಕುವ ಫರ್ನೇಸ್ ಆಯಿಲ್ ದಪ್ಪಗೆ, ಕಪ್ಪಗೆ ಇರುತ್ತದೆ. ಅದನ್ನು ಬಕೆಟಿನಲ್ಲಿಟ್ಟು ಉರಿಯುವ ಕಡ್ಡಿ ಹಾಕಿದರೆ ಕಡ್ಡಿ ಆರಿಹೋಗುವುದೇ ಹೆಚ್ಚು. ಅದನ್ನು 60 ಡಿಗ್ರಿಗೂ ಮೇಲೆ ಕಾಯಿಸಿದರೆ ಮಾತ್ರ ಕಿಡಿ ತಗುಲಿ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಈ ಉಷ್ಣತೆಗೆ ಫ್ಲ್ಯಾಶ್ ಪಾಯಿಂಟ್ ಅನ್ನುತ್ತಾರೆ. ಪೆಟ್ರೋಲಿನ ಫ್ಲ್ಯಾಶ್ ಪಾಯಿಂಟ್ ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಧ್ರುವದ ಚಳಿಯಲ್ಲೂ ಅದು ಹೊತ್ತಿಕೊಳ್ಳಲು ಸಿದ್ಧವಾಗಿಯೇ ಇರುತ್ತದೆ, ಇನ್ನು ಗ್ವಾಡಲ್‌ಕನಾಲ್ ಇರುವ ಸೊಲೊಮನ್ ದ್ವೀಪಗಳ ಸೆಕೆಯಲ್ಲಿ ಕೇಳಬೇಕೇ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ ಸುಮಾರು 150ರಿಂದ 200 ಲೀಟರ್ ಆವಿ ಬರುತ್ತದೆ. ಗಾಳಿಯಲ್ಲಿ ಆ ಆವಿಯ ಪಾಲು ಸುಮಾರು 1.4ರಿಂದ 7.6 ಶೇಕಡಾ ಇದ್ದರೆ ಒಂದು ಕಿಡಿಗೆ ಸ್ಫೋಟ ಆಗುತ್ತದೆ. ಹಾಗಾದರೆ ಒಂದೇ ಲೀಟರ್ ಪೆಟ್ರೋಲ್ ಹತ್ತು ಘನ ಮೀಟರಿಗಿಂತ ಜಾಸ್ತಿ ಗಾಳಿಯನ್ನು ಸ್ಫೋಟಕವಾಗಿಸಬಲ್ಲದು. ಹಡಗಿನ ಒಂದು ಸಣ್ಣ ಕೋಣೆಗೆ ಅಷ್ಟು ಸಾಕು. ಒಂದು ವಿಮಾನದ ಟ್ಯಾಂಕಿನಲ್ಲಿ ಇರುತ್ತಿದ್ದದ್ದು ಕೆಲವು ನೂರು ಲೀಟರ್.

ಇನ್ನೊಂದು ಗುಣ ಇನ್ನೂ ಕೆಟ್ಟದ್ದು. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅಡುಗೆಮನೆಯಲ್ಲಿ ಸಿಲಿಂಡರ್ ಗ್ಯಾಸ್ ಸೋರಿದರೆ ನೆಲದ ಮಟ್ಟದಲ್ಲಿ ಹರಡುತ್ತದಲ್ಲ, ಹಾಗೆ ಇದೂ ಕೆಳಗೆ ಇಳಿಯುತ್ತದೆ. ಹಡಗಿನ ಕೆಳಗೆ ಏನಿದೆ? ಬಾಯ್ಲರ್, ವಿದ್ಯುತ್ ಜನರೇಟರ್, ಮದ್ದುಗುಂಡಿನ ಕೋಣೆ. ಆವಿ ಹುಡುಕಿಕೊಂಡು ಹೋದಂತೆ ಕಿಡಿ ಇರುವ ಕಡೆಗೇ ಹೋಗುತ್ತದೆ. ಸೋರಿದ ಜಾಗ ಒಂದು, ಸಿಡಿಯುವ ಜಾಗ ಇನ್ನೊಂದು. ಮಧ್ಯೆ ಗಂಟೆಗಳ ಅಂತರವೂ ಇರಬಹುದು. 1942ರ ಮೇ 8ರಂದು ಕೋರಲ್ ಸಮುದ್ರದ ಕಾಳಗದಲ್ಲಿ ಅಮೆರಿಕದ ವಿಮಾನವಾಹಕ ಲೆಕ್ಸಿಂಗ್ಟನ್‌ಗೆ ಆದದ್ದು ಅದೇ. ಬೆಳಿಗ್ಗೆ ಟಾರ್ಪೆಡೊ, ಬಾಂಬು ಬಿದ್ದವು. ಬೆಂಕಿ ಆರಿಸಿ ಹಡಗು ಸರಿಹೋಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಬಿರುಕು ಬಿಟ್ಟ ಪೆಟ್ರೋಲ್ ಟ್ಯಾಂಕಿನ ಆವಿ ಒಳಗೊಳಗೇ ಹರಡಿ ಮಧ್ಯಾಹ್ನದ ಹೊತ್ತಿಗೆ ಸಿಡಿಯಿತು. ಹಡಗು ಉಳಿಯಲಿಲ್ಲ.

ಹಾಗಂತ ಫರ್ನೇಸ್ ಆಯಿಲ್ ಪಾಪದ್ದು ಅಂದುಕೊಳ್ಳಬೇಡಿ. ಟಾರ್ಪೆಡೊ ಸಿಡಿದು ಎಣ್ಣೆ ತುಂತುರಾಗಿ ಚಿಮ್ಮಿದರೆ ಅದೂ ಭೀಕರವಾಗಿ ಉರಿಯುತ್ತದೆ. ಆದರೆ ಅದನ್ನು ಉರಿಸಲು ಅಷ್ಟು ದೊಡ್ಡ ಹೊಡೆತವೇ ಬೇಕು. ಪೆಟ್ರೋಲಿಗೆ ಒಂದು ಬಿಸಿ ಚೂರು ಸಾಕು.

ಡಬ್ಬಿಯಿಂದ ಟ್ಯಾಂಕಿಗೆ

ಮೊದಲ ಮಹಾಯುದ್ಧದ ಹೊತ್ತಿಗೆ ಯಾರಿಗೂ ಇದರ ಸರಿಯಾದ ಅಂದಾಜು ಇರಲಿಲ್ಲ. 1914ರಲ್ಲಿ ಬ್ರಿಟಿಷರು ಆರ್ಕ್ ರಾಯಲ್ ಅನ್ನುವ ಹಡಗನ್ನು ಸಮುದ್ರ ವಿಮಾನಗಳಿಗಾಗಿಯೇ ಸಿದ್ಧ ಮಾಡಿದರು. ಅದರಲ್ಲಿ 4,000 ಗ್ಯಾಲನ್, ಅಂದರೆ ಸುಮಾರು 18,000 ಲೀಟರ್ ಪೆಟ್ರೋಲ್ ಇತ್ತು. ಎಲ್ಲಿ ಗೊತ್ತಾ? ಅಂಗಡಿಯಲ್ಲಿ ಮಾರುವ ಎರಡು ಗ್ಯಾಲನ್ನಿನ ಸಾಮಾನ್ಯ ತಗಡಿನ ಡಬ್ಬಿಗಳಲ್ಲಿ. ಲೆಕ್ಕ ಹಾಕಿದರೆ ಎರಡು ಸಾವಿರ ಡಬ್ಬಿ. ಒಂದೊಂದರ ಮುಚ್ಚಳವೂ ಸೋರಬಹುದಾದ ಒಂದೊಂದು ಜಾಗ.

ಡಬ್ಬಿ ಬಿಟ್ಟು ದೊಡ್ಡ ಟ್ಯಾಂಕಿಗೆ ಬಂದಾಗ ಹೊಸ ತೊಂದರೆ ಎದುರಾಯಿತು. ತುಂಬಿದ ಪೆಟ್ರೋಲ್ ಟ್ಯಾಂಕಿಗಿಂತ ಅರ್ಧ ಖಾಲಿಯಾದ ಟ್ಯಾಂಕೇ ಜಾಸ್ತಿ ಅಪಾಯ. ತುಂಬಿದ್ದರೆ ಒಳಗೆ ಗಾಳಿಗೆ ಜಾಗ ಇಲ್ಲ, ಗಾಳಿ ಇಲ್ಲದೆ ಸ್ಫೋಟ ಇಲ್ಲ. ಖಾಲಿಯಾಗುತ್ತಾ ಹೋದಂತೆ ಮೇಲ್ಭಾಗದಲ್ಲಿ ಗಾಳಿ ಮತ್ತು ಆವಿ ಬೆರೆಯುತ್ತವೆ. ಹಾಗಾಗಿ ಪೆಟ್ರೋಲ್ ಖರ್ಚಾದರೂ ಟ್ಯಾಂಕ್ ಮಾತ್ರ ಯಾವಾಗಲೂ ತುಂಬಿರಬೇಕು. ಇದು ಹೇಗೆ ಸಾಧ್ಯ?

ಅಮೆರಿಕನ್ನರು ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ. ಸುತ್ತಲೂ ಬೇಕಾದಷ್ಟು ಸಮುದ್ರದ ನೀರಿದೆ. ಪೆಟ್ರೋಲ್ ನೀರಿಗಿಂತ ಹಗುರ, ನೀರಿನ ಜೊತೆ ಬೆರೆಯುವುದೂ ಇಲ್ಲ. ಟ್ಯಾಂಕಿನ ತಳದಿಂದ ಸಮುದ್ರದ ನೀರು ತುಂಬಿದರೆ ಪೆಟ್ರೋಲ್ ತಾನಾಗಿ ಮೇಲಕ್ಕೆ ಏರಿ ಕೊಳವೆಗೆ ಬರುತ್ತದೆ. ಹತ್ತು ಲೀಟರ್ ಪೆಟ್ರೋಲ್ ಹೊರಗೆ ಹೋದರೆ ಹತ್ತು ಲೀಟರ್ ನೀರು ಒಳಗೆ. ಟ್ಯಾಂಕ್ ಯಾವತ್ತೂ ತುಂಬಿಯೇ ಇರುತ್ತದೆ, ಆವಿ ನಿಲ್ಲಲು ಜಾಗವೇ ಸಿಗುವುದಿಲ್ಲ. ಮತ್ತೆ ಪೆಟ್ರೋಲ್ ತುಂಬಿಸಿಕೊಳ್ಳುವಾಗ ಮೇಲಿಂದ ಬಂದ ಪೆಟ್ರೋಲ್ ಆ ನೀರನ್ನು ಹೊರಗೆ ತಳ್ಳುತ್ತದೆ.

ಆದರೆ ಎಂಜಿನ್ನಿಗೆ ಉಪ್ಪುನೀರು ಹೋದರೆ? ಹಾರುತ್ತಿರುವಾಗ ಎಂಜಿನ್ ಕೆಮ್ಮಿ ನಿಂತೇಹೋಗುತ್ತದೆ. ಅದಕ್ಕೆ ಟ್ಯಾಂಕಿನೊಳಗೆ ಇನ್ನೊಂದು ಟ್ಯಾಂಕ್ ಇಟ್ಟರು. ನೀರು ಬರುವುದು ಹೊರಗಿನ ಟ್ಯಾಂಕಿನ ತಳಕ್ಕೆ. ಅದರ ಮೇಲ್ಭಾಗದ ಪೆಟ್ರೋಲ್ ಒಳಗಿನ ಟ್ಯಾಂಕಿಗೆ ಇಳಿಯುತ್ತದೆ. ವಿಮಾನಕ್ಕೆ ಹೋಗುವುದು ಒಳಗಿನ ಟ್ಯಾಂಕಿನ ಮೇಲ್ಭಾಗದಿಂದ. ಹೊರಗಿನದು ಪೂರ್ತಿ ನೀರಾದ ಮೇಲೆ ಮಾತ್ರ ಒಳಗಿನದಕ್ಕೆ ನೀರು ತಲುಪಬೇಕು. ಇಷ್ಟಾದರೂ ನಂಬಿಕೆ ಸಾಲದೆ ಸೋಸುಗಳನ್ನು ಇಟ್ಟರು. ವಿಮಾನದ ಟ್ಯಾಂಕಿನ ತಳದಿಂದ ಸ್ವಲ್ಪ ಹೊರಗೆ ಬಿಟ್ಟು ನೀರಿದೆಯಾ ಅಂತ ನೋಡುವ ಅಭ್ಯಾಸವೂ ಇತ್ತು.

ಟ್ಯಾಂಕಿನ ಸುತ್ತ ಒಂದು ಖಾಲಿ ಗೋಡೆಕೋಣೆ ಇರುತ್ತಿತ್ತು. ಒಳಗಿನ ಗೋಡೆ ಸೋರಿದರೆ ಪೆಟ್ರೋಲ್ ನೇರವಾಗಿ ಹಡಗಿನೊಳಗೆ ಬರಬಾರದು, ಅಷ್ಟೇ ಉದ್ದೇಶ. ಆ ಜಾಗಕ್ಕೆ ಇಂಗಾಲದ ಡೈಆಕ್ಸೈಡ್‌ನಂಥ ಉರಿಯದ ಅನಿಲ ತುಂಬುತ್ತಿದ್ದರು. ಇಂಧನ ತುಂಬಿಸಿ ಮುಗಿದ ಮೇಲೆ ಕೊಳವೆಯಲ್ಲಿ ಉಳಿದ ಪೆಟ್ರೋಲನ್ನು ವಾಪಸ್ ಟ್ಯಾಂಕಿಗೆ ಇಳಿಸಿ, ಕೊಳವೆಗೂ ಅದೇ ಅನಿಲ ಬಿಡುವುದು ಇನ್ನೊಂದು ಹೆಜ್ಜೆ. ಈ ಏರ್ಪಾಡು ಪೂರ್ತಿ ರೂಪದಲ್ಲಿ ಬೆಳೆದದ್ದು ವಿಮಾನವಾಹಕ ಹಡಗುಗಳಲ್ಲಿ. ಅಲ್ಲಿ ಲಕ್ಷಾಂತರ ಲೀಟರ್ ಇಡಬೇಕಿತ್ತು.

ಬ್ರಿಟಿಷರು ಬೇರೆ ದಾರಿ ಹಿಡಿದರು. ಹಡಗಿನ ಮೈಗೆ ಅಂಟದ ಹಾಗೆ ಪ್ರತ್ಯೇಕ ಉರುಳೆ ಟ್ಯಾಂಕುಗಳು, ಅವುಗಳ ಸುತ್ತ ನೀರು ತುಂಬಿದ ಕೋಣೆ. ಹಡಗು ನಡುಗಿದರೂ ಟ್ಯಾಂಕ್ ಬಿರುಕು ಬಿಡುವುದು ಕಮ್ಮಿ. ಆದರೆ ಜಾಗ ತಿನ್ನುತ್ತದೆ. ಇಲಸ್ಟ್ರಿಯಸ್‌ನಂಥ ದೊಡ್ಡ ವಿಮಾನವಾಹಕದಲ್ಲೂ ಹಿಡಿದದ್ದು 50,000 ಗ್ಯಾಲನ್ ಆಸುಪಾಸು ಮಾತ್ರ. 1943ರ ಮಾರ್ಚ್ 27ರಂದು ಸ್ಕಾಟ್ಲೆಂಡಿನ ಕ್ಲೈಡ್ ಕೊಲ್ಲಿಯಲ್ಲಿ ಡ್ಯಾಷರ್ ಅನ್ನುವ ಸಣ್ಣ ವಿಮಾನವಾಹಕ ಸಿಡಿದು 379 ಜನ ಸತ್ತರು. ಅಮೆರಿಕದಲ್ಲಿ ಕಟ್ಟಿ ಬ್ರಿಟಿಷರಿಗೆ ಕೊಟ್ಟ ಹಡಗು ಅದು. ಪೆಟ್ರೋಲ್ ವ್ಯವಸ್ಥೆಯೇ ಸರಿಯಿಲ್ಲ ಅಂತ ಬ್ರಿಟಿಷರು, ಬಳಸಿದ ರೀತಿ ಸರಿಯಿಲ್ಲ ಅಂತ ಅಮೆರಿಕನ್ನರು. ಇಂಥ ಜಗಳ ಎಲ್ಲ ಕಾಲದಲ್ಲೂ ಇದ್ದದ್ದೇ ಬಿಡಿ.

ಒಂದೇ ಮಾದರಿಯ ಏಳು ಹಡಗುಗಳು

ಕ್ರೂಸರಿನ ಕಷ್ಟ ವಿಮಾನವಾಹಕಕ್ಕಿಂತ ಬೇರೆ. ಅದಕ್ಕೆ ಬೇಕಾದ ಪೆಟ್ರೋಲ್ ಕಮ್ಮಿ, ಆದರೆ ಅದು ತೋಪು ಹಿಡಿದು ಹೊಡೆದಾಡುವ ಹಡಗು. ಹೊಡೆತ ತಿನ್ನುವುದಕ್ಕಾಗಿಯೇ ಕಟ್ಟಿದ್ದು. ಇದನ್ನು ಅರ್ಥ ಮಾಡಿಕೊಳ್ಳಲು ಅಮೆರಿಕದ ನ್ಯೂ ಓರ್ಲಿಯನ್ಸ್ ಮಾದರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1930ರ ದಶಕದಲ್ಲಿ ಕಟ್ಟಿದ ಏಳು ಹೆವಿ ಕ್ರೂಸರ್‌ಗಳು: ನ್ಯೂ ಓರ್ಲಿಯನ್ಸ್, ಆಸ್ಟೋರಿಯಾ, ಮಿನಿಯಾಪೊಲಿಸ್, ಟಸ್ಕಲೂಸಾ, ಸ್ಯಾನ್ ಫ್ರಾನ್ಸಿಸ್ಕೊ, ಕ್ವಿನ್ಸಿ, ವಿನ್ಸೆನ್ಸ್. ಒಂದೊಂದಕ್ಕೆ ನಾಲ್ಕು ವಿಮಾನ. ಕ್ಯಾಟಪಲ್ಟ್ ಎರಡು, ವಿಮಾನದ ಹ್ಯಾಂಗರ್ ಒಂದು. ಇವೆಲ್ಲ ಹಡಗಿನ ಸರಿಯಾಗಿ ನಡುಭಾಗದಲ್ಲಿ. ಪೆಟ್ರೋಲ್ ಟ್ಯಾಂಕ್ ಮಾತ್ರ ದೂರ, ಹಡಗಿನ ಮೂತಿಯಲ್ಲಿ, ಮುಂದಿನ ತೋಪುಗಳಿಗೂ ಮುಂದೆ.

ಟ್ಯಾಂಕ್ ಮೂತಿಯಲ್ಲಿ ಯಾಕೆ ಅನ್ನುವುದು ಸುಲಭವಾಗಿ ತಿಳಿಯುತ್ತದೆ. ಬಾಯ್ಲರ್, ಎಂಜಿನ್ ಎಲ್ಲ ನಡುವೆ ಉಕ್ಕಿನ ಕವಚದೊಳಗೆ ಇರುತ್ತವೆ. ಪೆಟ್ರೋಲನ್ನೂ ಅದೇ ಕವಚದೊಳಗೆ ಇಟ್ಟರೆ ಕಾಪಾಡಿದ ಹಾಗೂ ಆಗುತ್ತದೆ, ಮನೆಯೊಳಗೇ ಸಿಡಿಮದ್ದು ಇಟ್ಟ ಹಾಗೂ ಆಗುತ್ತದೆ. ಮೂತಿ ಹೋದರೂ ಹಡಗು ತೇಲಬಹುದು, ನಡು ಹೋದರೆ ಮುಗಿಯಿತು. ಅಂದರೆ ಪೆಟ್ರೋಲಿಗೆ ಸುರಕ್ಷಿತ ಜಾಗ ಹುಡುಕಲೇ ಇಲ್ಲ. ಕಳೆದುಕೊಂಡರೂ ಪರವಾಗಿಲ್ಲ ಅನ್ನುವ ಜಾಗ ಹುಡುಕಿದರು. ನನ್ನ ಪ್ರಕಾರ ಈ ಇಡೀ ವಿಷಯದ ತಿರುಳು ಇದೇ.

ಆದರೆ ಆ ಲೆಕ್ಕದಲ್ಲಿ ಒಂದು ತೂತಿತ್ತು. ಪೆಟ್ರೋಲ್ ಟ್ಯಾಂಕಿನಲ್ಲೇ ಕೂತಿರುವುದಿಲ್ಲವಲ್ಲ. ವಿಮಾನ ಹಾರಬೇಕಾದರೆ ಅದರ ಹೊಟ್ಟೆಗೆ ಹೋಗಬೇಕು. ವಿಮಾನ ಇರುವುದು ನಡುಭಾಗದಲ್ಲಿ, ಬಟ್ಟೆ ಹೊದ್ದು, ತೆರೆದ ಡೆಕ್ಕಿನ ಮೇಲೆ.

1942ರ ಆಗಸ್ಟ್ 8ರ ರಾತ್ರಿ ಕಳೆದು 9ರ ನಸುಕು. ಗ್ವಾಡಲ್‌ಕನಾಲ್ ಪಕ್ಕದ ಸಾವೊ ದ್ವೀಪದ ಬಳಿ ಅಡ್ಮಿರಲ್ ಮಿಕಾವಾ ಅವರ ಜಪಾನೀ ಕ್ರೂಸರ್‌ಗಳು ಕತ್ತಲಲ್ಲಿ ನುಗ್ಗಿ ಬಂದವು. ಬರುವ ಮೊದಲೇ ಮಿಕಾವಾ ಡೆಕ್ಕಿನ ಮೇಲಿದ್ದ ಉರಿಯುವ ಸಾಮಾನನ್ನೆಲ್ಲ ಸಮುದ್ರಕ್ಕೆ ಎಸೆಸಿದ್ದರು. ತಮ್ಮ ಫ್ಲೋಟ್‌ಪ್ಲೇನ್‌ಗಳನ್ನು ಮೊದಲೇ ಹಾರಿಸಿಬಿಟ್ಟಿದ್ದರು. ಆ ವಿಮಾನಗಳು ಮೇಲಿಂದ ಬೆಳಕಿನ ಬಾಣ ಬಿಟ್ಟು ಗುರಿ ತೋರಿಸಿದವು. ಅತ್ತ ಅಮೆರಿಕದ ವಿಮಾನಗಳು ಹಡಗುಗಳ ಮೇಲೇ ಇದ್ದವು.

ಕ್ವಿನ್ಸಿಯ ಕ್ಯಾಟಪಲ್ಟಿನ ಮೇಲಿದ್ದ ವಿಮಾನಕ್ಕೆ ಬೇಗನೇ ಗುಂಡು ತಗುಲಿ ಬೆಂಕಿ ಎದ್ದಿತು. ಆಮೇಲೆ ಜಪಾನೀಯರಿಗೆ ಸರ್ಚ್‌ಲೈಟಿನ ಅಗತ್ಯವೇ ಬೀಳಲಿಲ್ಲ. ಆಸ್ಟೋರಿಯಾ, ವಿನ್ಸೆನ್ಸ್‌ಗಳಲ್ಲೂ ನಡುಭಾಗದ ವಿಮಾನ, ಹ್ಯಾಂಗರ್‌ಗಳು ಹೊತ್ತಿಕೊಂಡವು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ಮೇಲಿದ್ದ ವಾಲ್ರಸ್ ಕೂಡ ಉರಿಯಿತು. ಇಲ್ಲಿ ಪೆಟ್ರೋಲ್ ಮಾಡಿದ ಕೆಲಸ ಹಡಗನ್ನು ಸುಡುವುದಷ್ಟೇ ಅಲ್ಲ, ಕತ್ತಲಲ್ಲಿ ಅದು ಎಲ್ಲಿದೆ ಅಂತ ತೋರಿಸಿದ್ದು. ನೀರಿನ ಕೊಳವೆಗಳು ಒಡೆದಿದ್ದರಿಂದ ಬೆಂಕಿ ಆರಿಸಲು ಒತ್ತಡ ಸಿಗಲಿಲ್ಲ. ಆಸ್ಟೋರಿಯಾದಲ್ಲಿ ನಾವಿಕರು ಸಾಲಾಗಿ ನಿಂತು ಬಕೆಟಿನಲ್ಲಿ ನೀರು ಸಾಗಿಸಿದರು. ಬೆಳಗಾದ ಮೇಲೂ ಬೆಂಕಿ ಒಳಗೆ ಉರಿಯುತ್ತಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಹಡಗು ಮುಳುಗಿತು. ಒಂದೇ ಮಾದರಿಯ ಮೂರು ಹಡಗು, ಜೊತೆಗೆ ಕ್ಯಾನ್‌ಬೆರಾ. ಸತ್ತವರು ಸಾವಿರಕ್ಕೂ ಹೆಚ್ಚು.

ಎಲ್ಲ ತಪ್ಪನ್ನೂ ವಿಮಾನದ ಮೇಲೆ ಹೊರಿಸುವುದು ನ್ಯಾಯ ಅಲ್ಲ. ದಣಿದ ನಾವಿಕರು, ಸಿಗದ ಎಚ್ಚರಿಕೆ, ಚದುರಿದ ಪಡೆ, ಇವೆಲ್ಲ ಸೇರಿ ಆದ ಸೋಲು ಅದು. ಬಣ್ಣ, ಮರದ ಪೀಠೋಪಕರಣ, ನೆಲಕ್ಕೆ ಹಾಸಿದ ಲಿನೋಲಿಯಂ ಕೂಡ ಚೆನ್ನಾಗಿಯೇ ಉರಿದವು. ಆಮೇಲೆ ಅಮೆರಿಕದ ನೌಕಾಪಡೆ ಹಡಗುಗಳ ಲಿನೋಲಿಯಂ ಕಿತ್ತು, ಬಣ್ಣ ಕೆರೆದು ತೆಗೆಸಿತು. ಕಾಳಗಕ್ಕೆ ಹೋಗುವ ಮೊದಲು ವಿಮಾನಗಳನ್ನು ದಡಕ್ಕೆ ಕಳಿಸುವ ರೂಢಿಯೂ ಬಂತು.

ಆ ರೂಢಿಗೂ ಅದರದೇ ಫಜೀತಿ. ಅಕ್ಟೋಬರಿನ ಕೇಪ್ ಎಸ್ಪೆರೆನ್ಸ್ ಕಾಳಗದ ರಾತ್ರಿ ಸಾಲ್ಟ್ ಲೇಕ್ ಸಿಟಿ ಕ್ರೂಸರ್ ಒಂದು ವಿಮಾನ ಹಾರಿಸಿತು. ಹಾರುವಾಗಲೇ ಕಾಕ್‌ಪಿಟ್‌ನಲ್ಲಿದ್ದ ಬೆಳಕಿನ ಬಾಣ ಹೊತ್ತಿಕೊಂಡು ವಿಮಾನ ಉರಿಯುತ್ತಾ ಸಮುದ್ರಕ್ಕೆ ಬಿತ್ತು. ದೂರದಿಂದ ಅದನ್ನು ಕಂಡ ಜಪಾನೀಯರು ತಮ್ಮವರೇ ಸಂಕೇತ ಕೊಡುತ್ತಿದ್ದಾರೆ ಅಂದುಕೊಂಡರು. ಅದೃಷ್ಟ ಅಂದರೆ ಇದು.

ಈಗ ಅದೇ ಮಾದರಿಯ ಉಳಿದ ಹಡಗುಗಳಿಗೆ ಬರೋಣ. ನವೆಂಬರ್ 30ರ ರಾತ್ರಿ ತಸ್ಸಫರೊಂಗಾ ಕಾಳಗ. ಅಮೆರಿಕನ್ನರು ಸಾವೊ ಪಾಠ ಕಲಿತಿದ್ದರು. ಕ್ರೂಸರ್‌ಗಳ ವಿಮಾನಗಳನ್ನು ಮೊದಲೇ ಹತ್ತಿರದ ತುಲಗಿ ದ್ವೀಪಕ್ಕೆ ಕಳಿಸಿದ್ದರು, ಸಮಯಕ್ಕೆ ಅಲ್ಲಿಂದ ಹಾರಿ ಬಂದು ಬೆಳಕು ಬಿಡಲಿ ಅಂತ. ಆ ರಾತ್ರಿ ಗಾಳಿಯೇ ಇರಲಿಲ್ಲ. ಅಲೆ ಇಲ್ಲದ, ಗಾಳಿ ಇಲ್ಲದ ನೀರಿಗೆ ತೇಲುಗಗಳು ಅಂಟಿಕೊಂಡು ವಿಮಾನಗಳು ಏಳಲಿಲ್ಲ, ಬಂದದ್ದು ತಡವಾಗಿ. ಅದಿರಲಿ. ಹಡಗಿನ ಡೆಕ್ಕಿನ ಮೇಲೆ ಉರಿಯುವ ವಿಮಾನ ಇರಲಿಲ್ಲ ಅನ್ನುವುದು ಮುಖ್ಯ.

ಆದರೆ ಟ್ಯಾಂಕ್ ಅಲ್ಲೇ ಇತ್ತು. ಡಿಸ್ಟ್ರಾಯರ್ ಅನ್ನುವ ಜಪಾನೀ ಸಣ್ಣ ಯುದ್ಧನೌಕೆಗಳ ಟಾರ್ಪೆಡೊ ಬಂದು ಮಿನಿಯಾಪೊಲಿಸ್‌ನ ಮೂತಿಗೆ ಬಡಿಯಿತು. ಒಂದನೇ ತೋಪಿನ ಮುಂದಿದ್ದ ಪೆಟ್ರೋಲ್ ಸಂಗ್ರಹ ಹೊತ್ತಿಕೊಂಡಿತು. ಅದಕ್ಕೆ ಡಿಕ್ಕಿ ಹೊಡೆಯದಿರಲು ತಿರುಗಿದ ನ್ಯೂ ಓರ್ಲಿಯನ್ಸ್‌ಗೂ ಮೂತಿಯ ಬಳಿಯೇ ಪೆಟ್ಟು. ಮುಂದಿನ ಮದ್ದುಗುಂಡಿನ ಕೋಣೆ, ಪೆಟ್ರೋಲ್ ಟ್ಯಾಂಕ್ ಎರಡೂ ಸೇರಿ ಸಿಡಿದವು. ಎರಡನೇ ತೋಪಿನ ಮುಂದಿನ ಇಡೀ ಭಾಗ, ಸುಮಾರು 45 ಮೀಟರ್, ಹಡಗಿನ ಉದ್ದದ ಕಾಲು ಭಾಗ, ಕಳಚಿಹೋಯಿತು. 180ಕ್ಕೂ ಹೆಚ್ಚು ಜನ ಸತ್ತರು.

ಪೆಟ್ರೋಲ್ ಟ್ಯಾಂಕ್ ಮತ್ತು ಮದ್ದುಗುಂಡಿನ ಕೋಣೆಯನ್ನು ನೆರೆಹೊರೆ ಮಾಡಿದ್ದು ನನ್ನ ಲೆಕ್ಕದಲ್ಲಿ ದೊಡ್ಡ ಎಡವಟ್ಟು. ಆದರೂ ಮೂಲ ಲೆಕ್ಕ ಮಾತ್ರ ಸರಿಯಾಗಿಯೇ ಇತ್ತು. ಎರಡೂ ಹಡಗು ತೇಲಿಕೊಂಡೇ ಉಳಿದವು. ನ್ಯೂ ಓರ್ಲಿಯನ್ಸ್ ಕುಂಟುತ್ತಾ ತುಲಗಿ ಸೇರಿತು. ಅಲ್ಲಿ ತೆಂಗಿನ ದಿಮ್ಮಿಗಳಿಂದ ಅದಕ್ಕೆ ತಾತ್ಕಾಲಿಕ ಮೂತಿ ಕಟ್ಟಿದರು. ಮುಂದಕ್ಕೆ ಹೋದರೆ ನೀರಿನ ಒತ್ತಡಕ್ಕೆ ಒಡೆಯಬಹುದು ಅಂತ ಹಿಮ್ಮುಖವಾಗಿಯೇ ಆಸ್ಟ್ರೇಲಿಯಾದ ಸಿಡ್ನಿಯವರೆಗೆ ಹೋಯಿತು. ರಿಪೇರಿಯಾಗಿ ಮತ್ತೆ ಯುದ್ಧಕ್ಕೆ ಮರಳಿತು. ಕಳಚಿದ ಮೂತಿ 2025ರ ಜುಲೈನಲ್ಲಿ ಸಮುದ್ರದ ತಳದಲ್ಲಿ ಸುಮಾರು 675 ಮೀಟರ್ ಆಳದಲ್ಲಿ ಪತ್ತೆಯಾಯಿತು.

ಸಾವೊದಲ್ಲಿ ನಡುಭಾಗಕ್ಕೆ ಬಂದ ಪೆಟ್ರೋಲ್, ತಸ್ಸಫರೊಂಗಾದಲ್ಲಿ ಮೂತಿಯಲ್ಲೇ ಉಳಿದ ಪೆಟ್ರೋಲ್. ಹಡಗುಗಳ ನಕ್ಷೆ ಒಂದೇ. ಮುಳುಗಿದ್ದಕ್ಕೂ ಉಳಿದದ್ದಕ್ಕೂ ಇದೊಂದೇ ಕಾರಣ ಅಲ್ಲ, ಬಿದ್ದ ಹೊಡೆತಗಳ ಲೆಕ್ಕವೇ ಬೇರೆ ಬೇರೆ. ಆದರೂ ಅಕ್ಕಪಕ್ಕ ಇಟ್ಟು ನೋಡಿದರೆ ಕಣ್ಣು ತೆರೆಯುತ್ತದೆ, ಅಲ್ವಾ?

ತುಂಬಿಸಿದ ವಿಮಾನ ಯಾರಿಗೆ ಬೇಕು

ಕ್ಯಾಪ್ಟನ್‌ನ ಇಕ್ಕಟ್ಟು ಏನು ನೋಡಿ. ಶತ್ರು ಯಾವಾಗ ಕಾಣುತ್ತಾನೋ ಗೊತ್ತಿಲ್ಲ. ಕಂಡ ಕೂಡಲೇ ವಿಮಾನ ಹಾರಿಸಬೇಕು ಅಂದರೆ ಇಂಧನ ತುಂಬಿಸಿಯೇ ಇಟ್ಟಿರಬೇಕು. ತುಂಬಿಸಿಟ್ಟರೆ ಮೊದಲ ಗುಂಡಿಗೇ ಬೆಂಕಿ. ಖಾಲಿ ಮಾಡಿಟ್ಟರೆ ಸುಮ್ನೆ ಹೊರೆ. ಕಾಳಗ ಶುರುವಾದ ಮೇಲೆ ಪೆಟ್ರೋಲ್ ಕೊಳವೆ ಬಿಚ್ಚುವ ಧೈರ್ಯ ಯಾರಿಗೂ ಇಲ್ಲ. ಮಾಮೂಲಿ ದಿನದಲ್ಲೇ ಇಂಧನ ತುಂಬುವಾಗ ಹಡಗಿನಲ್ಲೆಲ್ಲೂ ಬೀಡಿ ಸಿಗರೇಟು ಹಚ್ಚುವಂತಿಲ್ಲ. ಸ್ಥಿರ ವಿದ್ಯುತ್ತಿನ ಕಿಡಿ ಹಾರದಂತೆ ವಿಮಾನಕ್ಕೆ ತಂತಿ ಕಟ್ಟಿ ಅರ್ಥ್ ಕೊಡಬೇಕು.

ಇದಕ್ಕೆ ಪ್ರತಿ ದೇಶದ ಉತ್ತರವೂ ಕಡೆಗೆ ಒಂದೇ ಆಯಿತು: ನೂಕು ಸಮುದ್ರಕ್ಕೆ. 1939ರ ಡಿಸೆಂಬರ್ 13ರಂದು ರಿವರ್ ಪ್ಲೇಟ್ ಕಾಳಗದಲ್ಲಿ ಜರ್ಮನಿಯ ಗ್ರಾಫ್ ಸ್ಪೇ ಹಾರಿಸಿದ ಗುಂಡಿನ ಚೂರುಗಳು ಬ್ರಿಟಿಷ್ ಕ್ರೂಸರ್ ಎಕ್ಸೆಟರ್‌ನ ಎರಡೂ ವಾಲ್ರಸ್‌ಗಳನ್ನು ತೂತು ಮಾಡಿದವು. ಪೆಟ್ರೋಲ್ ಚಿಮ್ಮತೊಡಗಿತು. ಎರಡನ್ನೂ ಹೊರಗೆ ನೂಕಿದರು. ಅದೇ ಕಾಳಗದಲ್ಲಿ ಅಜಾಕ್ಸ್ ಮಾತ್ರ ತನ್ನ ತೋಪುಗಳು ಗುಡುಗುತ್ತಿರುವಾಗಲೇ ಒಂದು ಸೀಫಾಕ್ಸ್ ವಿಮಾನ ಹಾರಿಸಿಬಿಟ್ಟಿತು. ಅದು ಮೇಲಿಂದ ಗುರಿ ಹೇಳಿತು. ಗ್ರಾಫ್ ಸ್ಪೇಯ ಆರಾಡೊ ಎಂಜಿನ್ ಬಿರುಕು ಬಿಟ್ಟು ಕೆಲಸಕ್ಕೆ ಬಾರದೆ ಕೂತಿತ್ತು.

1941ರ ಮೇ 24ರಂದು ಡೆನ್ಮಾರ್ಕ್ ಜಲಸಂಧಿಯಲ್ಲಿ ಪ್ರಿನ್ಸ್ ಆಫ್ ವೇಲ್ಸ್‌ನ ವಾಲ್ರಸ್ ಇನ್ನೇನು ಹಾರಬೇಕು ಅನ್ನುವಾಗ ಚೂರುಗಳು ತಗುಲಿದವು. ಅದೂ ಸಮುದ್ರ ಪಾಲು. ಅದೇ ದಿನ ಆ ಹಡಗಿನ ಒಂದು ಗುಂಡು ಎದುರಾಳಿ ಬಿಸ್ಮಾರ್ಕ್‌ನ ಕ್ಯಾಟಪಲ್ಟಿನ ಗಾಳಿ ಕೊಳವೆಯನ್ನು ಕೆಡಿಸಿತ್ತು. ಮೂರು ದಿನ ಕಳೆದು, ತಮ್ಮ ಕಥೆ ಮುಗಿಯಿತು ಅಂತ ಗೊತ್ತಾದಾಗ, ಜರ್ಮನರು ಹಡಗಿನ ಯುದ್ಧ ದಿನಚರಿಯನ್ನು ಆರಾಡೊದಲ್ಲಿ ಕಳಿಸಲು ನೋಡಿದರು. ಆಗಲೇ ಕ್ಯಾಟಪಲ್ಟ್ ಕೆಟ್ಟಿರುವುದು ತಿಳಿದದ್ದು. ಹಾರಲಾಗದ ವಿಮಾನ ಬೆಂಕಿಯ ಅಪಾಯ ಅಷ್ಟೇ ಅಂತ ಅದನ್ನೂ ನೀರಿಗೆ ತಳ್ಳಿದರು.

ನೂಕಲು ಪುರುಸೊತ್ತೇ ಸಿಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಆಸ್ಟ್ರೇಲಿಯಾದ ಕ್ರೂಸರ್ ಸಿಡ್ನಿ ಇದೆ. 1941ರ ನವೆಂಬರ್ 19ರಂದು ಪಶ್ಚಿಮ ಆಸ್ಟ್ರೇಲಿಯಾದ ಕರಾವಳಿಯಾಚೆ ಅದು ವ್ಯಾಪಾರಿ ಹಡಗಿನ ವೇಷದಲ್ಲಿದ್ದ ಜರ್ಮನಿಯ ಕೊರ್ಮೊರಾನ್ ಹತ್ತಿರಕ್ಕೆ ಹೋಯಿತು. ವಾಲ್ರಸ್ ಕ್ಯಾಟಪಲ್ಟಿನ ಮೇಲಿತ್ತು. ಕೊರ್ಮೊರಾನ್ ದಿಢೀರನೆ ಗುಂಡು ಹಾರಿಸಿತು. ವಿಮಾನಕ್ಕೆ ಗುಂಡು ತಗುಲಿ, ಉರಿಯುವ ಪೆಟ್ರೋಲ್ ನಡುಭಾಗಕ್ಕೆ ಹರಡಿತು ಅಂತ ಬದುಕುಳಿದ ಜರ್ಮನ್ ನಾವಿಕರು ಹೇಳಿದರು. ಸಿಡ್ನಿಯ ಕಡೆಯಿಂದ ಹೇಳಲು ಯಾರೂ ಉಳಿಯಲಿಲ್ಲ. 645 ಜನರೂ ಸತ್ತರು. ಹಡಗಿನ ಅವಶೇಷ ಸಿಕ್ಕಿದ್ದು 2008ರಲ್ಲಿ.

ನಕ್ಷೆ ಬರೆಯುವವರೂ ಸುಮ್ಮನೆ ಕೂತಿರಲಿಲ್ಲ ಅನ್ನಿ. ನ್ಯೂ ಓರ್ಲಿಯನ್ಸ್ ಮಾದರಿಯ ನಂತರ ಬಂದ ಅಮೆರಿಕದ ಬ್ರೂಕ್ಲಿನ್ ಮಾದರಿಯ ಕ್ರೂಸರ್‌ಗಳಲ್ಲಿ ಕ್ಯಾಟಪಲ್ಟ್, ಹ್ಯಾಂಗರ್ ಎಲ್ಲ ಹಡಗಿನ ಬಾಲಕ್ಕೆ ಹೋದವು. ಅಲ್ಲಿ ಬೆಂಕಿ ಬಿದ್ದರೆ ಹಡಗಿನ ನಡು ಉಳಿಯುತ್ತದೆ, ಕೆಟ್ಟ ವಿಮಾನ ನೂಕುವುದೂ ಸುಲಭ. ಜಪಾನೀಯರ ತೋನೆ, ಚಿಕುಮಾ ಕ್ರೂಸರ್‌ಗಳು ಇನ್ನೂ ಮುಂದೆ ಹೋದವು. ತೋಪುಗಳನ್ನೆಲ್ಲ ಮುಂದಕ್ಕೆ ಸರಿಸಿ ಹಿಂದಿನ ಅರ್ಧವನ್ನು ಪೂರ್ತಿ ಫ್ಲೋಟ್‌ಪ್ಲೇನ್‌ಗಳಿಗೆ ಬಿಟ್ಟುಕೊಟ್ಟವು. ತನ್ನ ತೋಪಿನ ಗಾಳಿಗೆ ತನ್ನದೇ ವಿಮಾನ ಹಾಳಾಗುವ ಸೌತ್ ಡಕೋಟಾದ ಪಾಡು ಅಲ್ಲಿ ಇಲ್ಲ.

ಕಡೆಗೆ ಗೆದ್ದದ್ದು ರೇಡಾರ್

ಈ ಸಮಸ್ಯೆಯನ್ನು ಯಾರೂ ಪೂರ್ತಿ ಬಿಡಿಸಲಿಲ್ಲ. ಸಮಸ್ಯೆಯೇ ಎದ್ದು ಹೋಯಿತು. ಒಳ್ಳೆಯ ರೇಡಾರ್ ಬಂದ ಮೇಲೆ ಕತ್ತಲಲ್ಲೂ ಗುರಿ ಕಾಣತೊಡಗಿತು. ಸಣ್ಣ ವಿಮಾನವಾಹಕಗಳು ಸಾಕಷ್ಟು ಬಂದ ಮೇಲೆ ಹುಡುಕುವ ಕೆಲಸ ಅವಕ್ಕೆ ಹೋಯಿತು. 1943ರಿಂದ ಬ್ರಿಟಿಷರು ಕ್ರೂಸರ್‌ಗಳ ಕ್ಯಾಟಪಲ್ಟ್ ಕಿತ್ತುಹಾಕಿ ಆ ಜಾಗಕ್ಕೆ ವಿಮಾನ ನಿರೋಧಕ ತೋಪು, ದೋಣಿ, ಜನರನ್ನು ತುಂಬಿದರು. ನಮಗೆ ಗೊತ್ತಿರುವ ಒಂದು ಹಡಗೂ ಈ ಸಾಲಿನಲ್ಲಿದೆ. 1957ರಲ್ಲಿ ಭಾರತದ ನೌಕಾಪಡೆಗೆ ಸೇರಿದ ಐಎನ್ಎಸ್ ಮೈಸೂರು. ಅದು ಮೊದಲು ಎಚ್ಎಂಎಸ್ ನೈಜೀರಿಯಾ. ಕ್ಯಾಟಪಲ್ಟ್, ಹ್ಯಾಂಗರ್ ಸಮೇತ ಹುಟ್ಟಿದ ಕ್ರೂಸರ್ ಅದು. ನಮ್ಮ ರಾಜ್ಯದ ಹೆಸರು ಹೊತ್ತು ಬರುವ ಹೊತ್ತಿಗೆ ಅದರ ಮೇಲೆ ವಿಮಾನವೂ ಇರಲಿಲ್ಲ, ಕ್ಯಾಟಪಲ್ಟೂ ಇರಲಿಲ್ಲ. ಅಮೆರಿಕನ್ನರು ಸ್ವಲ್ಪ ಹೆಚ್ಚು ಕಾಲ ಎಳೆದರು. ಅವರ ಕಡೆಯ ಫ್ಲೋಟ್‌ಪ್ಲೇನ್ ಸೀಹಾಕ್ 1949ರ ಹೊತ್ತಿಗೆ ಹಡಗುಗಳಿಂದ ಇಳಿಯಿತು.

ಅದರ ಜಾಗಕ್ಕೆ ಬಂದದ್ದು ಹೆಲಿಕಾಪ್ಟರ್. ಮೊದಮೊದಲು ಅವೂ ಪೆಟ್ರೋಲಿನವೇ. ಟರ್ಬೈನ್ ಎಂಜಿನ್ ಬಂದ ಮೇಲೆ ಸೀಮೆಎಣ್ಣೆ ಜಾತಿಯ ಇಂಧನ ಸಾಕಾಯಿತು. ನೌಕಾಪಡೆಗಳು ಅದರಲ್ಲೂ ಚೌಕಾಸಿ ಮಾಡಿದವು. ವಿಮಾನ ನಿಲ್ದಾಣಗಳಲ್ಲಿ ತುಂಬುವ ಜೆಟ್ ಇಂಧನದ ಫ್ಲ್ಯಾಶ್ ಪಾಯಿಂಟ್ ಕನಿಷ್ಠ 38 ಡಿಗ್ರಿ ಇದ್ದರೆ ಸಾಕು. ಹಡಗಿನ ಮೇಲಿನದಕ್ಕೆ ಕನಿಷ್ಠ 60 ಡಿಗ್ರಿ ಇರಬೇಕು. ಜೆಪಿ-5 ಅನ್ನುವ ಆ ಇಂಧನ ಬಂದದ್ದು 1950ರ ದಶಕದಲ್ಲಿ. ಅದನ್ನು ಹಡಗಿನ ಎಣ್ಣೆಯ ಹಾಗೆಯೇ ಸಾಮಾನ್ಯ ಟ್ಯಾಂಕಿನಲ್ಲಿ ಇಡಬಹುದು. ದಡದಲ್ಲಿ ಮಾಮೂಲಿ ಜೆಟ್ ಇಂಧನ ತುಂಬಿಸಿಕೊಂಡು ಬಂದ ಹೆಲಿಕಾಪ್ಟರ್ ಇದ್ದರೆ ಮಾತ್ರ ಇವತ್ತಿಗೂ ಎಚ್ಚರ ವಹಿಸುತ್ತಾರೆ. ಅದರ ಹೊಟ್ಟೆಯಲ್ಲಿರುವುದು ಹಡಗಿನ ಟ್ಯಾಂಕಿಗೆ ಬೆರೆತರೆ 60 ಡಿಗ್ರಿಯ ಲೆಕ್ಕ ಕೆಡುತ್ತದೆ.